ಶ್ರೀಧರನ ಪುಟಗಳನ್ನು ತಿದ್ದಿದ್ದು

ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಮೊದಲ ದಿನವೇ ಸತ್ತವನೊಬ್ಬ ನನ್ನನ್ನು ಮಾತಾಡಿಸಿದ. ಮೂಲೆಯಲ್ಲಿದ್ದ ಕಂಪ್ಯೂಟರಿನ ಗುಂಡಿ ಒತ್ತಿದೆ. ಪರದೆಯ ಮೇಲೆ ಬಂತು: "ಹೆದರ್ಕೋಬೇಡಿ ಸಾರ್, ಏನ್ ಒತ್ತಿದ್ರೂ ಒಡೆದೋಗಲ್ಲ." ಹೆದರಿದೆ.

ಬರೆದವನು ಮನೆಯ ಒಡತಿ ಸರೋಜಾ ಆಂಟಿಯ ಮಗ ಶ್ರೀಧರ. ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಿದ್ದ. ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್‌ಗೆ ಕನ್ನಡದಲ್ಲಿ ಸಹಾಯದ ಪುಟ ಬರೆಯುತ್ತಿದ್ದನಂತೆ. ಕಂಪ್ಯೂಟರ್ ಮುಟ್ಟಬೇಡ ಎಂದು ಆಂಟಿ ಹೇಳಲಿಲ್ಲ. ಆನ್ ಮಾಡಿಟ್ಟಿರು ಎಂದರು. ಅದು ಇನ್ನೂ ಕಷ್ಟ.

ನಾನು ಗದಗದ ಕಡೆಯವನು. ಹತ್ತನೇ ಕ್ಲಾಸು ಫೇಲು. ಜಯನಗರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಕೆಲಸ. ನಮ್ಮಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಹನುಮಂತನಗರದಲ್ಲಿ ಕೋಣೆ ಕೇಳಿಕೊಂಡು ಹೋದಾಗ ಗೇಟಿನಲ್ಲೇ ನಿಲ್ಲಿಸಿ ವೆಜ್ಜಾ ನಾನ್‌ವೆಜ್ಜಾ ಕೇಳಿದರು. ರೊಟ್ಟಿ ಸಿಗದೆ ಅನ್ನ ತಿಂದೆ. ಹೊಟ್ಟೆ ತುಂಬಿತು, ಉಂಡಂತಾಗಲಿಲ್ಲ. ಬಸ್ಸಿನಲ್ಲಿ ಬಾಯಿ ಬಿಟ್ಟರೆ ಜನ ತಿರುಗಿ ನೋಡುತ್ತಿದ್ದರು. ಮುಚ್ಚಿಕೊಂಡೆ. 'ಗುರು' ಎಂದರೆ ಇಲ್ಲಿ ಮೇಷ್ಟ್ರಲ್ಲ, ಎದುರು ಸಿಕ್ಕ ಯಾರಾದರೂ ಸರಿ.

ಒಂದು ಭಾನುವಾರ ಶ್ರೀಧರನ ಗೆಳೆಯ ಮಂಜು ಬಂದ.

"ಗುರು, ಅವ್ನ್ ಪುಟಗಳ್ನ ತಿದ್ಕೊಡ್ತೀಯಾ? ಬರೀ ತಪ್ಪು, ಬರೀ ಆಡುಮಾತು. ಹಿಂಗೇ ಬಿಟ್ರೆ ಹೊಸ ವರ್ಷನ್‌ನಲ್ಲಿ ಪೂರ್ತಿ ಕಿತ್ತಾಕ್ತಾರೆ."

"ನಾ ಓದಿದಾಂವಲ್ಲಪಾ."

"ಓದ್ದೋರು ಯಾರೂ ಬರ್ತಿಲ್ಲ ಮಗಾ. ನಿಂಗೆ ಟೈಪಿಂಗ್ ಬರುತ್ತಲ್ಲ, ಸಾಕು."

ಪುಟ ಬರೆಯುವ ಅವರ ಗುಂಪಿನಲ್ಲಿ ಒಂದು ಪದ್ಧತಿ. ತಿದ್ದುವ ಮೊದಲು ಒಮ್ಮೆ, ತಿದ್ದಿದ ಮೇಲೆ ಒಮ್ಮೆ ಪುಟವನ್ನು ಗಟ್ಟಿಯಾಗಿ ಓದಬೇಕು. ಕಣ್ಣಿಗೆ ಬೀಳದ್ದು ಕಿವಿಗೆ ಸಿಗುತ್ತದೆ. ಓದಿದೆ: "ಸೇವ್ ಮಾಡ್ಲಿಲ್ಲಾಂದ್ರೆ ಆಮೇಲೆ ಅಳ್ತೀರಾ, ನೋಡ್ಕೊಳ್ಳಿ." ಕೆಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆಂಟಿ ಮೆಟ್ಟಿಲ ಮೇಲಿದ್ದರು.

"ಇನ್ನೊಂದ್ಸಲ ಓದಪ್ಪ."

ಅಂದಿನಿಂದ ದಿನಾ ಬೆಳಿಗ್ಗೆ ಬಂದು ಕೂತರು. ಓದುತ್ತ ಓದುತ್ತ ಅವನು ಎಲ್ಲಿ ನಗುತ್ತಿದ್ದ ಎಂಬುದು ನನಗೆ ತಿಳಿಯತೊಡಗಿತು. ಅಂಗಡಿಯಲ್ಲಿ ಗಿರಾಕಿಗಳಿಗೆ "ಆಗುತ್ತೆ ಬಿಡಿ ಸಾರ್" ಎನ್ನುತ್ತಿದ್ದೆ. ಅಂದ ಮೇಲೆ ಆ ಮಾತಾಡಿದವರು ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ನೋಡುತ್ತಿದ್ದೆ.

ಮಂಜು ಅವಸರ ಮಾಡಿದ. ಆಂಟಿಯನ್ನೇ ಕೇಳಿದೆ.

"ತಿದ್ದಿದ್ರ ಅವ್ರ ಮಾತು ಹೋಗ್ತೈತ್ರಿ. ತಿದ್ದದಿದ್ರ ಪುಟಾನ ಹೋಗ್ತೈತಿ. ಏನ್ ಮಾಡ್ಲಿ?"

ಆಂಟಿ ಪರದೆಯ ಕಡೆ ಬಗ್ಗಿದರು.

"ಹೆಸರಿರುತ್ತಾ?"

"ಇರತೈತ್ರಿ. ಮ್ಯಾಲೆ ಅವರ್ದು, ಕೆಳಗ ನಂದು."

"ತಿದ್ದು."

ತಿದ್ದಿದೆ. ಗಟ್ಟಿಯಾಗಿ ಓದಿದೆ: "ಕಡತವನ್ನು ಉಳಿಸದಿದ್ದಲ್ಲಿ ಮಾಹಿತಿ ನಷ್ಟವಾಗಬಹುದು."

"ನಿಮ್ಮೂರಲ್ಲಿ ಹಿಂಗ್ ಮಾತಾಡ್ತಾರಾ?" ಎಂದರು ಆಂಟಿ.

"ಇಲ್ರಿ."

"ನಮ್ ಕಡೇನೂ ಇಲ್ಲ ಕಣಪ್ಪ."

ಎದ್ದು ಇಳಿದು ಹೋದರು. ಮತ್ತೆ ಮೇಲೆ ಬರಲಿಲ್ಲ.

ಪುಟಗಳು ಹೊಸ ವರ್ಷನ್‌ನಲ್ಲಿ ಬಂದವು. ಲಗ್ನಪತ್ರಿಕೆಗಳಲ್ಲಿ ಕಂಡವರ ಹೆಸರೆಲ್ಲ ಟೈಪ್ ಮಾಡಿದ್ದೆ. ನನ್ನ ಹೆಸರು ಒಂದು ಕಡೆ ಬಂದದ್ದು ಇದೇ ಮೊದಲು. ಬೂತಿಗೆ ಓಡಿ ಊರಿಗೆ ಫೋನ್ ಹಚ್ಚಿದೆ. ಅಕ್ಕ ಎತ್ತಿದಳು.

"ಹೆಂಗಿದ್ದೀಯಾ? ಒಂದ್ ಒಳ್ಳೆ ಸುದ್ದಿ ಇದೆ ಕಣಕ್ಕ," ಎಂದೆ.

ಗುರುತಿಲ್ಲದವರನ್ನು ಕೇಳುವಂತೆ ಕೇಳಿದಳು.

"ಯಾರ್ರೀ ಮಾತಾಡೂದು?"

ಹೆಸರು ಹೇಳುವ ಮೊದಲು ನಾನು ನಮ್ಮೂರ ಮಾತನ್ನು ಹುಡುಕಿಕೊಳ್ಳಬೇಕಾಯಿತು.