ಜೋಳದ ಸ್ಪಿರಿಟ್ಟಿನಿಂದ ಒಂದು ಗಂಟೆ

ಚಿಕ್ಕಪ್ಪನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂದು ನಾನು ಪ್ರಯತ್ನಿಸಿಯೂ ಇಲ್ಲ.

ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ, ಕುಶಾಲನಗರದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಚಿಕ್ಕಪ್ಪನದು. ನಾನು ಓದಿದ ಕಾಲೇಜಿನ ಪ್ರಯೋಗಾಲಯದಲ್ಲೇ ಕೆಲಸ ಸಿಕ್ಕಿತ್ತು. ಒಪ್ಪಿಗೆಯ ಕಾಗದ ಬರೆಯುವುದೊಂದೇ ಬಾಕಿ. ಆದರೆ ಚಿಕ್ಕಪ್ಪ ನನಗೆ ಹಾಸನದ ಕಡೆಯ ಒಂದು ಗಂಡು ನೋಡಿದ್ದರು.

ಹಾರಂಗಿ ಹೊಳೆಯಿಂದ ನಮ್ಮ ಎತ್ತರದ ಗದ್ದೆಗೆ ನೀರೆತ್ತುವ ಪಂಪಿಗೆ ಆ ವರ್ಷ ರೇಷನ್ನಿನಲ್ಲಿ ಸಾಕಾಗುವಷ್ಟು ಪೆಟ್ರೋಲ್ ಸಿಗುತ್ತಿರಲಿಲ್ಲ. ಕಣದಲ್ಲಿ ಮುಸುಕಿನ ಜೋಳ ರಾಶಿ ಬಿದ್ದಿತ್ತು. ಅದರಿಂದ ಎಂಜಿನ್ ಓಡಿಸುವ ಸ್ಪಿರಿಟ್ಟು ತೆಗೆಯಬಹುದೆಂದು ನಾನೇ ಬಾಯಿಬಿಟ್ಟೆ.

"ಒಂದು ಗಂಟೆ ನಿಲ್ದಂಗೆ ಓಡ್ಸು, ನಿನ್ನ ಕೆಲಸಕ್ಕೆ ನಾನು ಅಡ್ಡ ಬರಾಕಿಲ್ಲ," ಎಂದರು ಚಿಕ್ಕಪ್ಪ. "ಓಡ್ಲಿಲ್ವಾ, ಬಾಯಿ ಮುಚ್ಕಂಡು ಹಸೆಮಣೆ ಹತ್ತು."

ಬಟ್ಟಿ ಇಳಿಸಲು ಮಡಿಕೇರಿಯಿಂದ ಸರ್ಕಾರದ ಅನುಮತಿ ಪತ್ರ ತಂದವರೂ ಅವರೇ. ಇಳಿಸಿದ ಸ್ಪಿರಿಟ್ಟಿಗೆ ಪೆಟ್ರೋಲ್ ಬೆರೆಸಿ ಕುಡಿಯಲಾಗದಂತೆ ಮಾಡಬೇಕು ಎಂಬ ಷರತ್ತಿನ ಕೆಳಗೆ ಅವರದೇ ರುಜು ಇತ್ತು.

ಜೋಳದ ನುಚ್ಚನ್ನು ಗಂಜಿ ಕಾಯಿಸಿ, ಬಿಸಿ ಇಳಿಯುತ್ತಿರುವಾಗ ಮೊಳಕೆ ರಾಗಿಯ ಹಿಟ್ಟು ಕಲಸಿದೆ. ಗಂಜಿ ತೆಳ್ಳಗಾಗಿ ಸಿಹಿಗೆ ತಿರುಗಿತು. ಆರಿದ ಮೇಲೆ ಹೆಂಡದ ಮಡ್ಡಿ ಹಾಕಿ ನಾಲ್ಕು ದಿನ ಹುಳಿಯಲು ಬಿಟ್ಟೆ. ಮೂರು ಸಲ ಬಟ್ಟಿ ಇಳಿಸಿ, ಕೊನೆಯ ಸಲ ಸುಟ್ಟ ಸುಣ್ಣ ಹಾಕಿ ನೀರಂಶ ತೆಗೆದೆ. ಹತ್ತರಲ್ಲಿ ಒಂದು ಪಾಲು ಪೆಟ್ರೋಲ್ ಬೆರೆಸಿ ಡಬ್ಬದ ಮುಚ್ಚಳ ಬಿಗಿದೆ.

ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ತೀರಿಕೊಂಡ ಹಿರಿಯರಿಗೆ ಅವರವರ ಇಷ್ಟದ್ದನ್ನು ಎಡೆಯಿಟ್ಟು, ದೀಪ ಹಚ್ಚಿ, ಕೋಣೆಯ ಬಾಗಿಲು ಮುಚ್ಚುತ್ತಾರೆ. ಅವರು ಉಂಡು ಏಳುವವರೆಗೆ ಯಾರೂ ತೆರೆಯಬಾರದು. ಅಜ್ಜನ ಇಷ್ಟದ್ದು ಸಾರಾಯಿ.

ಬಾಗಿಲು ಮುಚ್ಚಿ ಬಂದು ಜಗುಲಿಯಲ್ಲಿ ಕೂತ ಚಿಕ್ಕಪ್ಪ ನಶ್ಯ ಏರಿಸಿಕೊಂಡು ನಕ್ಕರು. "ಈ ಸಲ ನಿಮ್ಮಜ್ಜಂಗೆ ಮೊಮ್ಮಗಳು ಇಳಿಸಿದ್ದೇ ಇಟ್ಟಿವ್ನಿ. ಲೋಟದ ತುಂಬ."

"ಅದರಲ್ಲಿ ಪೆಟ್ರೋಲ್ ಇದೆ ಚಿಕ್ಕಪ್ಪ. ದೀಪ ಎಲ್ಲಿಟ್ಟಿದ್ದೀರಿ?"

"ಎಡೆ ಪಕ್ಕ. ಇನ್ನೆಲ್ಲಿ ಇಡ್ತಾರೆ, ಅಟ್ಟದ ಮ್ಯಾಲಾ?"

ನಾನು ಎದ್ದು ಹೋಗಿ ಬಾಗಿಲು ತೆರೆದೆ. ಲೋಟ ದೀಪದಿಂದ ಒಂದು ಗೇಣು ದೂರವಿತ್ತು. ಎತ್ತಿಕೊಂಡು ಹೋಗಿ ಹಿತ್ತಲಿನಲ್ಲಿ ಸುರಿದೆ. ಏನೂ ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಂಡಿದ್ದರೆ ನನ್ನ ಮಾತಿಗೆ ಸಾಕ್ಷಿಯಾದರೂ ಇರುತ್ತಿತ್ತು.

"ಉಣ್ತಾ ಕುಂತೋರ ಮುಂದ್ಲಿಂದ ಕಿತ್ಕಂಡ್ಳು," ಎಂದರು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅಜ್ಜಿ, ನನ್ನ ಕಡೆ ನೋಡದೆ. "ಅವರು ಬದುಕಿದ್ದಾಗ ನಾನೂ ಅವರ ಲೋಟ ಕಿತ್ಕಂಡೋಳಲ್ಲ."

ಅಂದು ಯಾರೂ ನನಗೆ ಬಡಿಸಲಿಲ್ಲ. ನಾನೇ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ.

ಮೂರನೆಯ ದಿನ ಎಂಜಿನ್ನಿಗೆ ಡಬ್ಬದ ಸ್ಪಿರಿಟ್ಟು ತುಂಬಿ, ಅದು ಬೇಗ ಆವಿಯಾಗಲೆಂದು ಕಾರ್ಬ್ಯುರೇಟರಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಚಿಕ್ಕಪ್ಪನ ಎದುರಿಗೇ ಶುರು ಮಾಡಿದೆ. ಗಡಿಯಾರ ಅವರ ಕೈಯಲ್ಲಿತ್ತು. ಒಂದು ಗಂಟೆ ಕಳೆದು ಹತ್ತು ನಿಮಿಷವಾದರೂ ಎಂಜಿನ್ ನಿಲ್ಲಲಿಲ್ಲ.

"ಪೆಟ್ರೋಲ್ ಐತೆ ಅಂತ ನೀನೇ ಅಂದೆ," ಎಂದರು. "ಈಗ ಜೋಳದಿಂದ ಓಡ್ತು ಅಂದ್ರೆ ನಾನು ಹೆಂಗವ್ವಾ ಒಪ್ಪಾದು? ಹಿರೀಕರಿಗೊಂದು ಮಾತು, ನಂಗೊಂದು ಮಾತಾ?"

"ಹತ್ತರಲ್ಲಿ ಒಂದು ಪಾಲು. ಬೆರೆಸ್ತೀವಿ ಅಂತ ರುಜು ಹಾಕಿದ್ದು ನೀವು."

"ರುಜು ಹಾಕ್ದೋನು ನಾನು. ಬೆರೆಸ್ದೋಳು ನೀನು. ಸೋಮವಾರ ಗಂಡಿನೋರು ಬತ್ತಾರೆ."

ನಾನು ಎಂಜಿನ್ನಿಗೆ ಸ್ಪಿರಿಟ್ಟು ಹೋಗುವ ನಲ್ಲಿ ಮುಚ್ಚಿದೆ. ಪಂಪು ನಿಂತಿತು. ಗದ್ದೆಗೆ ಅರ್ಧ ಮಾತ್ರ ನೀರು ಹರಿದಿತ್ತು.

"ಯಾಕೆ ನಿಲ್ಲಿಸ್ದೆ? ಇನ್ನೂ ಆ ಕಡೆ ಒಣಗೈತೆ."

"ಜೋಳದಿಂದ ಓಡಲ್ಲ ಅಂದ್ರಲ್ಲ," ಎಂದೆ.

ಒಪ್ಪಿಗೆಯ ಕಾಗದವನ್ನು ಅಂದೇ ಬರೆದು ಅಂಚೆಗೆ ಹಾಕಿದೆ. ಭಾನುವಾರ ಬೆಳಿಗ್ಗೆ ಟ್ರಂಕು ಹಿಡಿದು ಒಬ್ಬಳೇ ಗಡಿಯ ಸೇತುವೆ ದಾಟಿ, ಆಗ ಬೇರೆಯೇ ಆಗಿದ್ದ ಮೈಸೂರು ರಾಜ್ಯದ ನೆಲದಲ್ಲಿ ನಿಂತು ಬಸ್ಸಿಗೆ ಕಾದೆ. ಸೋಮವಾರ ಬಂದವರಿಗೆ ಚಿಕ್ಕಪ್ಪ ಏನು ಹೇಳಿ ಕಳಿಸಿದರೋ, ನಾನು ವಿಚಾರಿಸಿಲ್ಲ.