ಮುಚ್ಚಿಹೋದ ಹನ್ನೊಂದು ಕಿಂಡಿಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಇಪ್ಪತ್ತೇಳನೇ ವಯಸ್ಸಿನಲ್ಲಿ ಅದನ್ನೊಂದು ಹೆಗ್ಗಳಿಕೆ ಎಂದೇ ತಿಳಿದಿದ್ದೆ. ಕೆಲಸ ಗೊತ್ತಿರುವವರಿಗೆ ಮಾತ್ರ ಕೋಪ ಬರುತ್ತದೆ ಎಂದು ನನ್ನ ಲೆಕ್ಕಾಚಾರ.

ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ನಮ್ಮ ಪ್ರಯೋಗಶಾಲೆ. ಕೆಳಗಡೆ ಪ್ಲಾಸ್ಟಿಕ್ ಬಕೆಟ್ ಮಾಡುವವರು, ಪಕ್ಕದಲ್ಲಿ ಜಿಪ್ ತಯಾರಿಸುವವರು. ನಡುವೆ ನಾವು ಮೂರು ಜನ, ಬೆಳಕಿನಿಂದ ನೆನಪಿಟ್ಟುಕೊಳ್ಳುವ ಯಂತ್ರ ಮಾಡಲು ಹೊರಟಿದ್ದೆವು. ಮುಖ್ಯಸ್ಥರು ಬೆಂಗಳೂರಿನವರು, ನಾನು ಅವರನ್ನು ಸರ್ ಎನ್ನುತ್ತಿದ್ದೆ. ನಾನು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು, ವಿಲೆ ಪಾರ್ಲೆಯಿಂದ ಲೋಕಲ್‌ನಲ್ಲಿ ಬರುತ್ತಿದ್ದೆ. ಮೂರನೆಯವರು ಮಿಸ್ತ್ರಿ. ವಿಜಯಪುರದ ಕಡೆಯವರು, ಐವತ್ತು ದಾಟಿದ ಮನುಷ್ಯ. ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು, ಗಿರಣಿ ಮುಚ್ಚಿದ ಮೇಲೆ ನಾಲ್ಕು ವರ್ಷ ಅಲ್ಲಿ ಇಲ್ಲಿ ಅಲೆದು ನಮ್ಮಲ್ಲಿಗೆ ಬಂದಿದ್ದರು. ಆ ವಯಸ್ಸಿನಲ್ಲಿ ಈ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಯಂತ್ರ ಎಂದರೆ ಇಷ್ಟೇ. ಒಂದು ಕಡೆ ಐದೈದರ ಸಾಲುಗಳಲ್ಲಿ ಇಪ್ಪತ್ತೈದು ಪುಟ್ಟ ದೀಪಗಳು. ಎದುರಿಗೆ ಬೆಳಕು ಕಂಡರೆ ಕರೆಂಟ್ ಕೊಡುವ ಇಪ್ಪತ್ತೈದು ಕಣ್ಣುಗಳು. ಒಂದೊಂದು ಕಣ್ಣಿನ ಕರೆಂಟು ತಿರುಗಿ ಅದರದೇ ಜೋಡಿ ದೀಪಕ್ಕೆ ಹೋಗುತ್ತಿತ್ತು. ನಡುವೆ ಒಂದು ಫೋಟೋ ಫಿಲ್ಮು. ಫಿಲ್ಮಿನ ತುಂಬ ಆರುನೂರ ಇಪ್ಪತ್ತೈದು ಚೌಕಗಳು, ಕೆಲವು ಕಪ್ಪು, ಕೆಲವು ಬೂದು, ಕೆಲವು ಬರೀ ಗಾಜಿನಂಥ ಕಿಂಡಿ. ಯಾವ ದೀಪದ ಬೆಳಕು ಯಾವ ಕಣ್ಣಿಗೆ ಎಷ್ಟು ಹೋಗಬೇಕೆಂದು ಆ ಚೌಕಗಳು ಹೇಳುತ್ತಿದ್ದವು. ನಮ್ಮ ಮಿದುಳಿನ ನರಗಳ ನಡುವಿನ ಗಂಟುಗಳೂ ಹೀಗೆಯೇ, ಕೆಲವು ಬಿಗಿ, ಕೆಲವು ಸಡಿಲ ಎನ್ನುತ್ತಿದ್ದರು ಸರ್. ಅಧಿಕ ಚಿಹ್ನೆ, ಚೌಕ, ಏಣಿ ಎಂದು ಮೂರು ಆಕಾರಗಳನ್ನು ಆ ಫಿಲ್ಮಿನಲ್ಲಿ ಅಡಗಿಸಿದ್ದೆವು. ದೀಪಗಳಲ್ಲಿ ಅರ್ಧ ಏಣಿ ಹೊತ್ತಿಸಿದರೆ ಬೆಳಕು ನಾಲ್ಕು ಸುತ್ತು ತಿರುಗಿ ಪೂರ್ತಿ ಏಣಿ ತಾನಾಗಿ ನಿಲ್ಲಬೇಕು. ಮುಂದೊಂದು ದಿನ ಇದೆಲ್ಲ ಉಗುರಿನಗಲದ ಚಿಪ್‌ನಲ್ಲಿ ಬರುತ್ತದೆ ಎಂದು ಸರ್ ಹೇಳುವಾಗ ಮಿಸ್ತ್ರಿ ತಮ್ಮ ಹೆಬ್ಬೆರಳಿನ ಉಗುರನ್ನೇ ನೋಡಿಕೊಳ್ಳುತ್ತಿದ್ದರು.

"ಅರ್ಧ ಮಾರಿ ನೋಡಿ ಮನಷ್ಯಾನ ಗುರ್ತ ಹಿಡಿದಂಗ ಅನ್ರಿ ಮೇಡಂ," ಎಂದು ಅವರು ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾನು ನನ್ನ ವರದಿಯಲ್ಲಿ ಎರಡು ಪುಟ ಬರೆದಿದ್ದೆ.

ಫಿಲ್ಮು ನನ್ನ ಕೈಕೂಸು. ಚೌಕಗಳನ್ನು ದೊಡ್ಡ ಹಾಳೆಯ ಮೇಲೆ ತುಂಬಿ, ಪಾರ್ಲೆ ಸ್ಟೇಷನ್ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ಕೊಟ್ಟು, ಅಂಚೆಚೀಟಿಯಗಲಕ್ಕೆ ಇಳಿಸಿದ ಎರಡು ಪ್ರತಿ ತೆಗೆಸಿದ್ದೆ. ಧೂಳು ಬಿದ್ದರೆ ಫಿಲ್ಮಿನಲ್ಲಿ ಸೂಜಿಮೊನೆಯಂಥ ತೂತುಗಳು ಬರುತ್ತವೆ. ಅದಕ್ಕೇ ಆ ಸ್ಟುಡಿಯೋದ ಮುದುಕರಿಗೆ, ಒಂದೂ ತೂತು ಇರಕೂಡದು ಎಂದು ಮೂರು ಸಲ ಹೇಳಿದ್ದೆ. ಒಂದನ್ನು ತಂದು, ಮಿಸ್ತ್ರಿಯೂ ನಾನೂ ಒಂಬತ್ತು ದಿನ ಕೂತು, ಕೂದಲೆಳೆಯಷ್ಟೂ ಅಲ್ಲಾಡದಂತೆ ಚೌಕಟ್ಟಿನಲ್ಲಿ ಕೂರಿಸಿದೆವು. ಇನ್ನೊಂದು ಸ್ಟುಡಿಯೋದಲ್ಲೇ ಉಳಿಯಿತು.

ಶುಕ್ರವಾರ ನಮಗೆ ಹಣ ಕೊಡುವ ಸಮಿತಿ ಬರುವುದಿತ್ತು. ಮೂರು ಆಕಾರವನ್ನೂ ಯಂತ್ರ ಗುರುತಿಸಿದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚುತ್ತದೆ. ಸೋಮವಾರ ಚಾಲೂ ಮಾಡಿದೆವು. ಅಧಿಕ ಚಿಹ್ನೆ ಬಂತು. ಚೌಕ, ಏಣಿ ಬರಲಿಲ್ಲ. ಕೊನೆಯ ಸಾಲಿನ ಎರಡು ದೀಪಗಳು ಏನು ಮಾಡಿದರೂ ಹೊತ್ತಲಿಲ್ಲ.

ಅಲ್ಲೊಂದು ಇಲ್ಲೊಂದು ಗಂಟು ಹಾಳಾದರೂ ಇಂಥ ಯಂತ್ರದ ನೆನಪು ಹೋಗುವುದಿಲ್ಲ, ಅದೇ ಅದರ ಹಿರಿಮೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಹಾಗಾಗಿ ಫಿಲ್ಮಿನ ಮೇಲೆ ನನಗೆ ಸಂಶಯವೇ ಬರಲಿಲ್ಲ. ಎರಡೇ ಎರಡು ಕಣ್ಣು ಸತ್ತಿವೆ ಎಂದರೆ ಬೆಸುಗೆ ಸಡಿಲ, ಬೇರೇನು? ಮಿಸ್ತ್ರಿ ಎರಡನ್ನೂ ಬಿಚ್ಚಿ ಮತ್ತೆ ಬೆಸೆದರು. ಮಂಗಳವಾರ ಹೊಸ ಕಣ್ಣುಗಳನ್ನೇ ಹಾಕಿದರು. ದೀಪ ಹೊತ್ತಲಿಲ್ಲ. ಕೆಳಗೆ ಬಕೆಟ್ ಮಷೀನು ಧಡ್ ಧಡ್ ಎನ್ನುತ್ತಿತ್ತು, ಶೆಕೆಗೆ ನನ್ನ ತಲೆ ಸಿಡಿಯುತ್ತಿತ್ತು.

"ಮೇಡಂ, ಫಿಲ್ಮ್ ಒಂದು ಸಲ ತಗದು ನೋಡೋಣೇನ್ರಿ?" ಎಂದರು ಮಿಸ್ತ್ರಿ.

"ಅದನ್ನ ಮುಟ್ಟಿದ್ರೆ ನೋಡಿ!" ಎಂದು ಕಿರುಚಿದೆ. "ಒಂಬತ್ತು ದಿನದ ಕೆಲಸ ಅದು. ನಿಮ್ಮ ಬೆಸುಗೆ ನೆಟ್ಟಗಿದ್ದಿದ್ರೆ ಇದ್ಯಾವುದೂ ಬೇಕಾಗ್ತಿರಲಿಲ್ಲ. ಇದು ಗಿರಣಿಯ ಫ್ಯೂಸ್ ಅಲ್ಲ."

ಅವರು ಬೆಸುಗೆ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ಒರೆಸಿ ಸ್ಟ್ಯಾಂಡಿನಲ್ಲಿಟ್ಟರು.

ಬುಧವಾರ ಬೆಳಿಗ್ಗೆ ಸರ್ ನನ್ನನ್ನು ಕರೆದು, "ಎಲ್ಲಿ ತಪ್ಪಾಗ್ತಿದೆಯಮ್ಮ, ಖಂಡಿತವಾಗಿ ಹೇಳು," ಎಂದರು. "ಮಿಸ್ತ್ರಿಯ ಜಾಯಿಂಟು, ಸರ್," ಎಂದೆ. ಖಂಡಿತವಾಗಿಯೇ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಸರ್ ಬೇರೊಬ್ಬ ಟೆಕ್ನಿಷಿಯನ್‌ಗೆ ಫೋನ್ ಮಾಡಿದ್ದರು. ನಾಳೆಯಿಂದ ಬರುವುದು ಬೇಡ ಎಂದಾಗ ಮಿಸ್ತ್ರಿ ತಮ್ಮ ಇಕ್ಕಳ, ಸ್ಕ್ರೂಡ್ರೈವರ್‌ಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು. ನಾನು ಏನೋ ಬರೆಯುವವಳಂತೆ ತಲೆ ತಗ್ಗಿಸಿ ಕೂತಿದ್ದೆ.

ಅದೇ ಸಂಜೆ, ಸಮಿತಿಗೆ ತೋರಿಸಲು ಎರಡನೇ ಪ್ರತಿ ಇರಲಿ ಎಂದು ಸ್ಟುಡಿಯೋಗೆ ಹೋದೆ. ಮದುವೆ ಹೆಣ್ಣುಗಳ ನೆಗೆಟಿವ್‌ಗಳಲ್ಲಿ ಮೊಡವೆ ಅಳಿಸುತ್ತ ಜೀವನ ಕಳೆದ ಮುದುಕರು ಫಿಲ್ಮನ್ನು ಗಾಜಿನ ಡಬ್ಬಿಯ ಬೆಳಕಿನ ಮೇಲಿಟ್ಟು, ತೆಳು ಕುಂಚ ಎತ್ತಿ ಕೇಳಿದರು:

"ಇಸ್‌ಮೇ ಭೀ ಛೇದ್ ಹೈ ಮೇಡಂ. ಪಹಲೇ ವಾಲೇ ಜೈಸಾ ಬಂದ್ ಕರ್ ದೂಂ?"

ಇದರಲ್ಲೂ ತೂತುಗಳಿವೆ, ಮೊದಲಿನದರ ಹಾಗೆ ಮುಚ್ಚಿಬಿಡಲೇ ಎನ್ನುತ್ತಿದ್ದರು. ಕುಂಚ ಹಿಡಿದ ಅವರ ಕೈಯನ್ನು ತಡೆದೆ. ಬಗ್ಗಿ ನೋಡಿದೆ. ಫಿಲ್ಮಿನ ಕೆಳಅಂಚಿನ ಎರಡು ಪಟ್ಟಿಗಳಲ್ಲಿ ಬಹುಪಾಲು ಕಪ್ಪು, ನಡುನಡುವೆ ಒಂಟಿಯಾಗಿ ಹನ್ನೊಂದು ಕಿಂಡಿಗಳು. ಆ ಎರಡು ಕಣ್ಣುಗಳಿಗೆ ಬೆಳಕು ಬರುವ ದಾರಿಯೇ ಅವು. ಮೊದಲ ಪ್ರತಿಯಲ್ಲಿ ತೂತೆಂದು ತಿಳಿದು ಅವರು ಮುಚ್ಚಿದ್ದು ಅವನ್ನೇ. ಅಲ್ಲೊಂದು ಇಲ್ಲೊಂದು ಹೋಗಿದ್ದರೆ ಯಂತ್ರ ತಡೆದುಕೊಳ್ಳುತ್ತಿತ್ತು. ಎರಡು ಕಣ್ಣಿನ ದಾರಿಯೇ ಮುಚ್ಚಿಹೋದರೆ ಯಾವ ಯಂತ್ರ ತಾನೆ ಏನು ಮಾಡೀತು? ಮುದುಕರು ತಪ್ಪು ಮಾಡಿರಲಿಲ್ಲ. ಒಂದೂ ತೂತು ಇರಕೂಡದು ಎಂದು ಮೂರು ಸಲ ಹೇಳಿದವಳು ನಾನು.

ಆ ಕ್ಷಣವೇ ಪರೇಲಿಗೆ, ಮಿಸ್ತ್ರಿಯ ಮನೆಗೆ ಹೋಗಬೇಕಿತ್ತು, ಸರ್‌ಗೆ ಫೋನ್ ಮಾಡಬೇಕಿತ್ತು. ಎರಡೂ ಮಾಡಲಿಲ್ಲ. ಶುಕ್ರವಾರ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ನಾನು ಹೆದರಿದ್ದೆ, ಅಷ್ಟೇ.

ಗುರುವಾರ ಒಬ್ಬಳೇ ಹಳೆಯ ಫಿಲ್ಮು ತೆಗೆದೆ. ಹೊಸದನ್ನು ಒಂದು ದಿನದಲ್ಲಿ ಹೇಗೆ ಕೂರಿಸುವುದೆಂದು ತೋಚಲಿಲ್ಲ. ಆಗ ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಸೂಜಿಯಿಂದ ಗೀರಿದ ಗೆರೆಗಳು ಕಂಡವು. ಫಿಲ್ಮು ತೆಗೆದರೂ ಮತ್ತೆ ಅದೇ ಜಾಗಕ್ಕೆ ಕೂರಲಿ ಎಂದು ಮಿಸ್ತ್ರಿ ಮೊದಲೇ ಗುರುತು ಮಾಡಿಟ್ಟಿದ್ದರು. ಒಮ್ಮೆ ತೆಗೆದು ನೋಡೋಣ ಎಂದು ಅವರು ಕೇಳಿದ್ದು ಇದೇ ಧೈರ್ಯದ ಮೇಲೆ. ಗೆರೆಗೆ ಗೆರೆ ಸೇರಿಸಿದೆ. ಎರಡು ಗಂಟೆಯೂ ಹಿಡಿಯಲಿಲ್ಲ. ಚಾಲೂ ಮಾಡಿದರೆ ಏಣಿ ಪೂರ್ತಿ ಬಂದು ನಿಂತಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.

ಶುಕ್ರವಾರ ಸಮಿತಿಯವರು ಚಪ್ಪಾಳೆ ತಟ್ಟಿದರು. ಹೊಸ ಟೆಕ್ನಿಷಿಯನ್ ಬಂದದ್ದು ಒಳ್ಳೆಯದಾಯಿತು ಎಂದು ಸರ್ ಎಲ್ಲರೆದುರು ಅಂದರು. ಅವನು ಮುಟ್ಟಿದ್ದು ಫ್ಯಾನಿನ ಸ್ವಿಚ್ಚನ್ನು ಮಾತ್ರ. ಶನಿವಾರ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು, "ಹೊಸಬನಿಗೆ ಆರ್ಡರ್ ಕೊಟ್ಟಾಗಿದೆ. ಇರೋದೇ ಒಂದು ಪೋಸ್ಟ್. ಬುಧವಾರಾನೇ ಹೇಳಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಭಾನುವಾರ ಪರೇಲಿಗೆ ಹೋದೆ. ಒಂದೇ ಕೋಣೆಯ ಮನೆಗಳ ಚಾಳಿನ ಮೂರನೇ ಮಹಡಿ, ಉದ್ದನೆಯ ಗ್ಯಾಲರಿ, ಸಾಲು ಬಾಗಿಲುಗಳು, ಒಣಹಾಕಿದ ಬಟ್ಟೆಗಳು. ಮಿಸ್ತ್ರಿ ಬಾಗಿಲಲ್ಲೇ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಮೂರೂ ಬಂದ್ವೇನ್ರಿ?" ಮೊದಲು ಕೇಳಿದ್ದು ಅದನ್ನೇ.

"ಮೂರೂ ಬಂದವು. ನಿಮ್ಮ ಜಾಯಿಂಟು ಒಂದೂ ಸಡಿಲ ಇರಲಿಲ್ಲ."

ಕೆಲಸ ಮತ್ತೆ ಸಿಗುವುದಿಲ್ಲ ಎನ್ನುವುದನ್ನೂ ಹೇಳಿದೆ. ಅವರು ಗ್ಯಾಲರಿಯ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿದರು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಅವರಲ್ಲಿ ಅರ್ಧ ಜನ ಅದೇ ಗಿರಣಿಯವರು.

"ಕೈಕೆಲಸ ಸುಮಾರ್ ಐತಿ ಅಂತ ತಗದಾರ ಅಂದ್ಕೊಂಡಾರ್ರಿ ಎಲ್ಲಾರೂ," ಎಂದರು ಮಿಸ್ತ್ರಿ. "ನೀವು ಕನ್ನಡದಾಗ ನನಗ ಹೇಳಿದ್ರ ಏನು ಬಂತು? ಹಿಂದಿಯೊಳಗ ಹೇಳ್ರಿ. ಗಟ್ಟಿಯಾಗಿ ಹೇಳ್ರಿ."

ನನ್ನ ಹಿಂದಿ ಆಗ ತರಕಾರಿ ಕೊಳ್ಳಲು ಸಾಕಾಗುವಷ್ಟು. ಆ ಹರಕು ಹಿಂದಿಯಲ್ಲೇ, ಇವರ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ, ಫಿಲ್ಮು ಕೆಟ್ಟಿತ್ತು ಎಂದೆ.

"ಫಿಲ್ಮ್ ಯಾರದ್ರಿ?" ಎಂದರು ಅವರು, ಮೆಲ್ಲಗೆ.

"ನಂದು."

"ಅದನ್ನೂ ಹೇಳ್ರಿ."

ತಪ್ಪು ನನ್ನದು, ಬೈದದ್ದು ಇವರನ್ನು ಎಂದೆ. ಗ್ಯಾಲರಿಯ ಕೊನೆಯ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ನೀರು ನಿಲ್ಲಿಸಿ, "ಕ್ಯಾ ಬೋಲಿ? ಸುನಾಯೀ ನಹೀ ದಿಯಾ," ಎಂದು ಕೂಗಿದಳು. ಮಿಸ್ತ್ರಿ ಕೈಕಟ್ಟಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದರು. ಅವಳಿಗೂ ಕೇಳಿಸುವ ಹಾಗೆ ಮೊದಲಿನಿಂದ ಮತ್ತೆ ಹೇಳಿದೆ.