ತಂತಿಬೇಲಿಯೊಳಗಿನ ಸಂಡಿಗೆ

ಐನಾಪುರದ ಹತ್ತಿರದ ಒಂದು ಹಳ್ಳಿಯ ವಿದ್ಯುತ್ ಉಪಕೇಂದ್ರದಲ್ಲಿ ನಾನು ಆಪರೇಟರ್ ಆಗಿದ್ದೆ. ಊರಿನಲ್ಲಿ ಕೋಳಿ, ಆಡು ಹತ್ತದ ಸ್ವಚ್ಛ ಗಚ್ಚು ಎಂದರೆ ನಮ್ಮ ಕಂಟ್ರೋಲ್ ರೂಮಿನ ಮಾಳಿಗೆ ಒಂದೇ ಎಂದು ಹೆಂಗಸರು ತೀರ್ಮಾನಿಸಿಬಿಟ್ಟಿದ್ದರು. ಬೇಸಿಗೆ ಬಂತೆಂದರೆ ಹಪ್ಪಳ, ಶಾವಿಗೆ, ಸಂಡಿಗೆ ಎಲ್ಲ ಅಲ್ಲೇ ಒಣಗುತ್ತಿದ್ದವು. ನನ್ನ ಅಪ್ಪಣೆಯನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ನಾನು ಬೇಡ ಎಂದುಬಿಟ್ಟೇನು ಎಂದೇ ಕೇಳುತ್ತಿರಲಿಲ್ಲ.

ಕಾರ್ಗಿಲ್ ಲಢಾಯಿ ಶುರುವಾದ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು. ಮದ್ದುಗುಂಡಿನ ಕಾರ್ಖಾನೆ, ನೀರಿನ ಟಾಕಿ, ಕರೆಂಟಿನ ಕೇಂದ್ರ ಇಂಥವನ್ನು ಯುದ್ಧಕಾಲದಲ್ಲಿ ಕೆಡಿಸುವವರಿಗೆ ಕಾಯ್ದೆಯ ಪ್ರಕಾರ ಜೈಲು. ಅಪ್ಪಣೆಯಿಲ್ಲದೆ ಹೊರಗಿನವರು ಒಳಗೆ ಬಂದರೂ ಕೇಸು. ಮರುದಿನ ನಮ್ಮ ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ನಾನು ಗೇಟಿಗೆ ಕೀಲಿ ಜಡಿದೆ.

ಮರುದಿನ ಬೆಳಿಗ್ಗೆ ನನಗೆ ದಿನಾ ಹಾಲು ಹಾಕುವ, ಚಿಕ್ಕಮ್ಮ ಎಂಬರ್ಥದಲ್ಲಿ ನಾನು ಮಾವಶಿ ಎನ್ನುತ್ತಿದ್ದ ಹೆಂಗಸು, ತಲೆಯ ಮೇಲೆ ಹಿಟ್ಟಿನ ಪಾತೇಲಿ ಹೊತ್ತು, ಹಿಂದೆ ಮಗಳನ್ನೂ ನಾಲ್ಕಾರು ಹೆಂಗಸರನ್ನೂ ಕಟ್ಟಿಕೊಂಡು ಬಂದಳು. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು. ಆ ವಾರವೇ ಏಕಸಂಬಿಯಲ್ಲಿ ಅವಳ ಮದುವೆ. ನಮ್ಮ ರಾಜ್ಯದ ಗಡಿ ಕಡೆಯ ಮದುವೆಯಲ್ಲಿ ರುಖವತ ಇಡಬೇಕು. ಹೆಣ್ಣಿನ ಮನೆಯವರು ಕೈಯಾರೆ ಮಾಡಿದ ತಿನಿಸುಗಳನ್ನು ಮಂಟಪದಲ್ಲಿ ಜೋಡಿಸಿ ಬೀಗರಿಗೆ ತೋರಿಸುವುದು ಅಂದರೆ ರುಖವತ. ಅದು ಬರಿದಾಗಿ ಕಂಡರೆ ಹುಡುಗಿ ಮುದುಕಿಯಾಗುವವರೆಗೂ ಅತ್ತೆಮನೆಯಲ್ಲಿ ಮಾತು ಕೇಳಬೇಕು.

ನಾನು ಕಾಯ್ದೆ ವಿವರಿಸಿದೆ. ಮಾವಶಿ ಸಮಾಧಾನದಿಂದ ಕೇಳಿಸಿಕೊಂಡಳು.

"ನಾ ಸಂಡಿಗಿ ಒಣಸಿದ್ರ ವೈರಿಗೇನ್ ಲಾಭ ಐತ್ರಿ?"

"ಲಾಭದ ಮಾತಲ್ಲ ಮಾವಶಿ. ಹೊರಗಿನವರು ಒಳಗ ಬರೋ ಹಂಗಿಲ್ಲ."

"ಹಿಟ್ಟ ಕುದಿಸಿ ತಂದೇನಿ. ಇವತ್ತ ಬಿಸಿಲಿಗಿ ಹಾಕಲಿಲ್ಲಂದ್ರ ಹುಳಿ ಬರತೈತಿ. ನನ್ನ ಮಗಳ ಮಾರಿ ನೋಡ್ರಿ."

ನೋಡಿದೆ. ಹುಡುಗಿ ಅಳು ತಡೆದು ನಿಂತಿದ್ದಳು. ನನ್ನ ಗಟ್ಟಿತನವೆಲ್ಲ ಅಲ್ಲಿಗೇ ಮುಗಿಯಿತು. ಕಾಯ್ದೆ ಹೊರಗಿನ ಮನುಷ್ಯರಿಗೆ, ಹಿಟ್ಟಿಗಲ್ಲ ಎಂದು ನನಗೆ ನಾನೇ ಹೇಳಿಕೊಂಡು ಪಾತೇಲಿಯನ್ನು ಒಳಗೆ ತಗೊಂಡೆ. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಚಮಚ ಹಿಡಿದು ಕೂತೆ. ಬೇಲಿಯಾಚೆಯಿಂದ ಹೆಂಗಸರು ಕೂಗಿ ಕೂಗಿ ಕಲಿಸಿದರು. "ತೆಳ್ಳಗ ಹಾಕ್ರಿ", "ಗುಂಡಗ ತಿರವ್ರಿ", "ಅಯ್ಯ, ಅದೇನ್ ಸಂಡಿಗ್ಯೋ, ಎಮ್ಮಿ ಸೆಗಣಿಯೋ?" ಹೀಗೆ ಮರ್ಯಾದೆ ಕಳೆದುಕೊಂಡು ಯಾವ ನೌಕರಿಯನ್ನೂ ನಾನು ಮಾಡಿರಲಿಲ್ಲ.

ಆ ಹೊತ್ತಿಗೆ ಸಾಹೇಬರು ಬಂದರು. ಜೀಪು ದಾರಿಯಲ್ಲಿ ಕೆಟ್ಟು, ಯಾರದೋ ಸೈಕಲ್ಲು ಏರಿ ಬಂದಿದ್ದರು. ಹೆಂಗಸರು ಗೇಟಿಗೆ ಅಡ್ಡ ನಿಂತರು.

"ನೀವ್ ಯಾರ್ರಿ? ಲಢಾಯಿ ಐತಿ, ಯಾರನ್ನೂ ಒಳಗ ಬಿಡೋ ಹಂಗಿಲ್ಲ."

"ನಾನು ಇಲ್ಲಿನ ಸಾಹೇಬ."

"ವೈರಿನೂ ಹಂಗ ಹೇಳ್ತಾನ್ರಿ. ಅಲ್ಲೇ ನಿಂದರ್ರಿ, ಆಪರೇಟರಗ ಕೇಳ್ತೇವಿ," ಎಂದಳು ಮಾವಶಿ.

ಮೊಣಕೈವರೆಗೆ ಹಿಟ್ಟು ಬಳಿದುಕೊಂಡು ಓಡಿಬಂದು ಕೀಲಿ ತೆಗೆದೆ. ಸಾಹೇಬರು ಸೀದಾ ಮಾಳಿಗೆ ಹತ್ತಿದರು. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅವರು ಬಗ್ಗಿ ಸೀರೆಯ ಮೇಲಿನ ಸಂಡಿಗೆಗಳನ್ನು ನೋಡಿದರು.

"ಕಾವಲು ಚಲೋ ಐತಿ," ಎಂದರು. "ಆದ್ರ ಒಂದೂ ಗುಂಡಗಿಲ್ಲಲೇ. ಇವು ಒಣಗಿದ ಮ್ಯಾಲ ಮಾಳಗಿ ಖಾಲಿ ಇರಬೇಕು." ಅಷ್ಟು ಹೇಳಿ ಇಳಿದುಹೋದರು.

ಮದುವೆಯ ದಿನ ರುಖವತ ತುಂಬಿಕೊಂಡಿತ್ತು. ಗಂಡಿನ ಸೋದರತ್ತೆ ಒಂದು ಸೊಟ್ಟ ಸಂಡಿಗೆ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, "ಇದನ್ನ ಯಾರ್ ಮಾಡ್ಯಾರ?" ಎಂದು ಕೇಳಿದಳು. ನಾನು ಕಂಬದ ಹಿಂದೆ ಸರಿದೆ. ಮಾವಶಿ ತಡವರಿಸಲಿಲ್ಲ.

"ಹುಡುಗಿ ಅಣ್ಣ ಮಾಡ್ಯಾನ್ರಿ."

"ಅಣ್ಣ ಅದಾನೇನು? ಹಂಗಾರ ಕಿವಿ ಹಿಂಡಾಕ ಕರೀರಿ ಅವನ್ನ."

ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳಲಿ ಎಂದು ಅಣ್ಣ ಮದುಮಗನ ಕಿವಿ ಹಿಂಡುವುದು ಇಲ್ಲಿಯ ಪದ್ಧತಿ. ಈ ಮದುವೆಯಲ್ಲಿ ಆ ಜಾಗ ಖಾಲಿ ಎಂದೇ ಎಲ್ಲರೂ ತಿಳಿದಿದ್ದರು. ನನಗೂ ಒಡಹುಟ್ಟಿದವರು ಯಾರೂ ಇಲ್ಲ. ಹೆಂಗಸರು ನನ್ನನ್ನು ನೂಕಿಕೊಂಡೇ ಮುಂದಕ್ಕೆ ತಂದರು. ಹುಡುಗಿ ಬಾಸಿಂಗದ ಒಳಗಿನಿಂದ ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕು ಮದುಮಗನ ಮುಂದೆ ನಿಂತೆ.

"ನನ್ನ ತಂಗೀನ ಚಲೋ ನೋಡ್ಕೋಬೇಕು," ಎಂದು ಕಿವಿ ಹಿಡಿದೆ.

"ಹೌದ್ರಿ," ಎಂದ ಹುಡುಗ.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ, ಇನ್ನೂ ಒಂದು ಸಲ ಹಿಂಡಿದೆ.